ಹೇಳದೆ ಬಿಟ್ಟ ಮಾತು: ಕಾನೂನು ಪ್ರವೇಶ ಪರೀಕ್ಷೆ ಮತ್ತು ವಾದವನ್ನು ಓದುವ ಶಿಸ್ತು

ಈ ದತ್ತಿ ಉಪನ್ಯಾಸಕ್ಕೆ ನಾನು ಆರಿಸಿಕೊಂಡ ವಿಷಯ ಕೋಚಿಂಗ್ ತರಗತಿಗಳಲ್ಲಿ ದಿನವೂ ಕೇಳಿಬರುತ್ತದೆ, ವಿದ್ವತ್ ಸಭೆಗಳಲ್ಲಿ ಅಪರೂಪ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಸೇರಬಯಸುವ ಪಿಯುಸಿ ವಿದ್ಯಾರ್ಥಿಗಳು ಬರೆಯುವ ಕ್ಲಾಟ್ ಪರೀಕ್ಷೆಯಲ್ಲಿ ತಾರ್ಕಿಕ ವಿವೇಚನೆ ಎಂಬ ಒಂದು ಭಾಗವಿದೆ. ಒಟ್ಟು 120 ನಿಮಿಷ, 120 ಪ್ರಶ್ನೆ, ಪ್ರತಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಪ್ರಶ್ನೆಗಳಲ್ಲಿ ಹೆಚ್ಚುಕಡಿಮೆ ಐದನೆಯ ಒಂದು ಪಾಲು ಈ ಭಾಗದ್ದು. ಒಂದು ಗದ್ಯಭಾಗ ಕೊಟ್ಟು, ಬರೆದವರ ತೀರ್ಮಾನ ಯಾವುದು, ಅದಕ್ಕೆ ಅವರು ಕೊಟ್ಟ ಆಧಾರ ಯಾವುದು, ಆಧಾರದಿಂದ ತೀರ್ಮಾನಕ್ಕೆ ದಾಟುವಾಗ ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡದ್ದು ಏನು, ಯಾವ ಹೊಸ ಸಂಗತಿ ಗೊತ್ತಾದರೆ ವಾದ ಗಟ್ಟಿಯಾಗುತ್ತದೆ ಅಥವಾ ಸಡಿಲವಾಗುತ್ತದೆ ಎಂದು ಕೇಳುತ್ತಾರೆ. ಈ ಪ್ರಶ್ನೆಗಳನ್ನು ಒಂದು ವಾರದಲ್ಲಿ ಕಲಿತು ಮರುವಾರ ಮರೆಯಬಹುದಾದ ಕೈಚಳಕವೆಂದು ನೋಡುವ ರೂಢಿ ನಮ್ಮಲ್ಲಿದೆ. ಅದು ತಪ್ಪು ಎಂಬುದು ನನ್ನ ವಾದ. ಇವೆಲ್ಲದರ ತಿರುಳು ಒಂದೇ: ವಾದಿಸುವವರು ಹೇಳದೆ ಬಿಟ್ಟ ಮಾತನ್ನು ಹುಡುಕಿ ತೆಗೆದು, ಅದು ನಿಜವೇ ಎಂದು ಕೇಳುವುದು. ಇದು ಓದಿನ ಶಿಸ್ತು. ನಮ್ಮ ನಾಡಿನ ಕಾನೂನು ಚಿಂತನೆಯಲ್ಲಿ ಇದಕ್ಕೆ ಸಾವಿರ ವರ್ಷದ ಹತ್ತಿರದ ಚರಿತ್ರೆಯಿದೆ. ಆದ್ದರಿಂದಲೇ ಇದನ್ನು ಪಿಯುಸಿ ತರಗತಿಯಲ್ಲಿ, ಕನ್ನಡದಲ್ಲಿ, ಎಲ್ಲ ಮಕ್ಕಳಿಗೂ ಕಲಿಸಬಹುದು ಮತ್ತು ಕಲಿಸಬೇಕು.

ಪರೀಕ್ಷೆಗಳೇ ಈ ದಿಕ್ಕಿಗೆ ಸರಿದಿವೆ. 2008ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಮೊದಲ ಕ್ಲಾಟ್ ನಡೆಸಿತು. ಆಗ ಪ್ರಶ್ನೆಗಳ ಸಂಖ್ಯೆ 200. ತರ್ಕದ ಭಾಗದಲ್ಲಿ ರಕ್ತಸಂಬಂಧದ ಒಗಟು, ಸಾಲಿನಲ್ಲಿ ಯಾರ ಪಕ್ಕ ಯಾರು ಕುಳಿತರು, ಅಕ್ಷರಮಾಲೆಯ ಮುಂದಿನ ಅಕ್ಷರ ಯಾವುದು ಎಂಬಂಥವು ಧಾರಾಳವಾಗಿ ಇರುತ್ತಿದ್ದವು. 2020ರಿಂದ ಮಾದರಿ ಬದಲಾಗಿ, ಪ್ರತಿ ಭಾಗವೂ ಗದ್ಯಭಾಗಗಳ ಸುತ್ತ ಕಟ್ಟಿಕೊಂಡಿತು. ಕೆಲವು ವರ್ಷ ಒಗಟುಗಳು ಮತ್ತೆ ಇಣುಕಿದ್ದುಂಟು, ಆದರೆ ಅವು ಮುಖ್ಯ ಸ್ಥಾನಕ್ಕೆ ಮರಳಿಲ್ಲ. ಅಮೆರಿಕದಲ್ಲಿ 1948ರಿಂದ ನಡೆಯುತ್ತಿರುವ ಎಲ್‌ಸ್ಯಾಟ್ ಪರೀಕ್ಷೆಯೂ 2024ರ ಆಗಸ್ಟ್‌ನಿಂದ ‘ಲಾಜಿಕ್ ಗೇಮ್ಸ್’ ಎಂದು ಹೆಸರಾಗಿದ್ದ ಒಗಟಿನ ಭಾಗವನ್ನು ಕೈಬಿಟ್ಟಿತು. ಈಗ ಅಂಕ ಲೆಕ್ಕಕ್ಕೆ ಬರುವ ಮೂರು ಭಾಗಗಳಲ್ಲಿ ಎರಡು ವಾದಗಳ ವಿಶ್ಲೇಷಣೆಯವು, ಒಂದು ಓದಿನ ಗ್ರಹಿಕೆಯದು. ಈ ಸಾಕ್ಷ್ಯವನ್ನು ಅದರ ತೂಕಕ್ಕಿಂತ ಹೆಚ್ಚು ಎಳೆಯಬಾರದು. ಎಲ್‌ಸ್ಯಾಟ್ ಬದಲಾದದ್ದು ತತ್ವಚಿಂತನೆಯಿಂದಲ್ಲ. ಚಿತ್ರ ಬರೆದುಕೊಂಡು ಬಿಡಿಸಬೇಕಾದ ಆ ಒಗಟುಗಳು ದೃಷ್ಟಿದೋಷವುಳ್ಳವರಿಗೆ ಅನ್ಯಾಯ ಮಾಡುತ್ತವೆ ಎಂಬ ಮೊಕದ್ದಮೆ 2019ರಲ್ಲಿ ರಾಜಿಯಾಗಿ, ಅದರಿಂದ ಬಂದ ಬದಲಾವಣೆ ಅದು. ಆದರೂ ಒಂದು ಮಾತು ಉಳಿಯುತ್ತದೆ. ಒಗಟನ್ನು ತೆಗೆದುಹಾಕಿದರೂ ಕಾನೂನು ಕಲಿಯುವ ಅರ್ಹತೆಯನ್ನು ಅಳೆಯಬಹುದು ಎಂದು ಎಲ್‌ಸ್ಯಾಟ್ ನಡೆಸುವವರು ಒಪ್ಪಿದರು. ವಾದದ ವಿಶ್ಲೇಷಣೆಯನ್ನು ತೆಗೆಯುವ ಯೋಚನೆ ಮಾಡಲಿಲ್ಲ, ಅದರ ಪಾಲನ್ನು ಹೆಚ್ಚಿಸಿದರು.

ಹೇಳದೆ ಬಿಟ್ಟ ಮಾತು ಎಂದರೆ ಏನು? ಒಂದು ಕಲ್ಪಿತ ವಾದವನ್ನು ಬಿಡಿಸಿ ನೋಡೋಣ. ‘ನಮ್ಮ ಜಿಲ್ಲೆಯ ಗ್ರಾಹಕರ ಆಯೋಗಕ್ಕೆ ಬರುವ ದೂರುಗಳು ಐದು ವರ್ಷದಲ್ಲಿ ಎರಡು ಪಟ್ಟಾಗಿವೆ. ಆದ್ದರಿಂದ ವ್ಯಾಪಾರಿಗಳು ಮೋಸ ಮಾಡುವುದು ಎರಡು ಪಟ್ಟಾಗಿದೆ.’ ಇಲ್ಲಿ ಆಧಾರ ಒಂದು, ತೀರ್ಮಾನ ಒಂದು. ಆಧಾರ ದೂರುಗಳ ಬಗ್ಗೆ ಮಾತಾಡುತ್ತದೆ, ತೀರ್ಮಾನ ಮೋಸದ ಬಗ್ಗೆ. ದೂರು ಮತ್ತು ಮೋಸ ಒಂದೇ ಅಲ್ಲ. ಒಂದರಿಂದ ಇನ್ನೊಂದಕ್ಕೆ ದಾಟಬೇಕಾದರೆ, ಮೋಸ ಹೋದವರಲ್ಲಿ ದೂರು ಕೊಡುವವರ ಪ್ರಮಾಣ ಐದು ವರ್ಷದಲ್ಲಿ ಬದಲಾಗಿಲ್ಲ ಎಂದು ಒಪ್ಪಿಕೊಳ್ಳಲೇಬೇಕು. ಬರೆದವರು ಅದನ್ನು ಎಲ್ಲೂ ಹೇಳಿಲ್ಲ. ಇದೇ ಗೃಹೀತ. ಇದು ನಿಜವಾಗಿಯೂ ಅಗತ್ಯದ ಗೃಹೀತವೇ ಎಂದು ಪರೀಕ್ಷಿಸಲು ಅದನ್ನು ಅಲ್ಲಗಳೆದು ನೋಡಬೇಕು: ದೂರು ಕೊಡುವವರ ಪ್ರಮಾಣವೇ ಎರಡು ಪಟ್ಟಾಗಿದೆ ಎಂದುಕೊಳ್ಳಿ; ಆಗ ಮೋಸ ಮೊದಲಿನಷ್ಟೇ ಇದ್ದರೂ ದೂರು ಇಮ್ಮಡಿಯಾಗುತ್ತದೆ, ವಾದ ಕುಸಿಯುತ್ತದೆ. ಅಲ್ಲಗಳೆದಾಗ ವಾದ ಕುಸಿದರೆ ಅದು ಗೃಹೀತ. ಕುಸಿಯದಿದ್ದರೆ ಅದು ಪಕ್ಕದ ಮಾತು. ಇನ್ನು ಉಳಿದ ಪ್ರಶ್ನೆಗಳೆಲ್ಲ ಇದರಿಂದಲೇ ಹುಟ್ಟುತ್ತವೆ. ಮನೆಯಲ್ಲೇ ಕುಳಿತು ಆನ್‌ಲೈನ್‌ನಲ್ಲಿ ದೂರು ಸಲ್ಲಿಸುವ ಅನುಕೂಲ ಈ ಅವಧಿಯಲ್ಲೇ ಬಂತು ಎಂದರೆ ವಾದ ಸಡಿಲವಾಗುತ್ತದೆ, ಏಕೆಂದರೆ ಅದು ಗೃಹೀತಕ್ಕೆ ಪೆಟ್ಟು ಕೊಡುತ್ತದೆ. ದೂರು ಕೊಡುವ ವಿಧಾನ, ಶುಲ್ಕ, ಜನರ ತಿಳಿವಳಿಕೆ ಯಾವುದೂ ಬದಲಾಗಿಲ್ಲ ಎಂದರೆ ವಾದ ಗಟ್ಟಿಯಾಗುತ್ತದೆ. ಪಕ್ಕದ ಜಿಲ್ಲೆಯಲ್ಲಿ ಪ್ರಾಮಾಣಿಕ ವ್ಯಾಪಾರಿಗಳು ಬೇಕಾದಷ್ಟಿದ್ದಾರೆ ಎಂಬ ಉತ್ತರ ಕೇಳಲು ಹಿತವಾಗಿದ್ದರೂ ವಾದವನ್ನು ಮುಟ್ಟುವುದೇ ಇಲ್ಲ. ಬಲಪಡಿಸು, ದುರ್ಬಲಗೊಳಿಸು, ದೋಷ ಹುಡುಕು, ಗೃಹೀತ ಹೇಳು ಎಂದು ನಾಲ್ಕು ಬಗೆಯ ಪ್ರಶ್ನೆಗಳಿಗೆ ನಾಲ್ಕು ಬಗೆಯ ಸೂತ್ರ ಕಲಿಸುವವರು ಒಂದೇ ಬಾಗಿಲನ್ನು ನಾಲ್ಕು ಸಲ ಬಡಿಯುತ್ತಾರೆ.

ಅಗತ್ಯ ಮತ್ತು ಸಾಲುವಿಕೆಗಳ ಗೊಂದಲವೂ ಇದೇ ಜಾತಿಯದು. 1961ರ ವಕೀಲರ ಅಧಿನಿಯಮದ ಪ್ರಕಾರ ಕಾನೂನು ಪದವಿ ಇದ್ದರೆ ಮಾತ್ರ ವಕೀಲರಾಗಿ ನೋಂದಣಿ. ಇದರಿಂದ, ನೋಂದಣಿಯಾದ ಹೊಸ ವಕೀಲರಿಗೆ ಪದವಿ ಇರಲೇಬೇಕು ಎಂದು ತೀರ್ಮಾನಿಸಬಹುದು. ಪದವಿ ಪಡೆದವರೆಲ್ಲ ವಕೀಲರು ಎಂದು ತೀರ್ಮಾನಿಸಲಾಗದು, ಏಕೆಂದರೆ ವಯಸ್ಸು, ಪೌರತ್ವ ಮುಂತಾದ ಬೇರೆ ಷರತ್ತುಗಳೂ ಆ ಕಾನೂನಿನಲ್ಲೇ ಇವೆ. ಹೀಗೆ ಎದುರಿಗಿಟ್ಟು ಹೇಳಿದಾಗ ಯಾರೂ ಎಡವುವುದಿಲ್ಲ. ಅದೇ ರಚನೆ ನಾನೂರು ಪದದ ಗದ್ಯದೊಳಗೆ ಕರಗಿಹೋದಾಗ ಎಡವುತ್ತಾರೆ. ಎಡವುವುದು ಜಾಣತನದ ಕೊರತೆಯಿಂದ ಅಲ್ಲ. ‘ಮಾತ್ರ’, ‘ಹೊರತು’, ‘ಆದರೂ’, ‘ಎಲ್ಲ’, ‘ಕೆಲವು’ ಎಂಬ ಸಣ್ಣ ಪದಗಳ ಬಳಿ ನಿಂತು ಓದುವ ರೂಢಿ ಇಲ್ಲದೆ ಎಡವುತ್ತಾರೆ.

ಇನ್ನು ನಮ್ಮ ನೆಲದ ಸಾಕ್ಷ್ಯಕ್ಕೆ ಬರುತ್ತೇನೆ. ನನಗೆ ಹೆಚ್ಚು ಪ್ರಿಯವಾದ ಭಾಗ ಇದು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಬಂಗಾಳದಂಥ ಪ್ರದೇಶಗಳನ್ನು ಬಿಟ್ಟರೆ ದೇಶದ ಹೆಚ್ಚಿನ ಭಾಗದಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿ ಕಾನೂನಿಗೆ ಅದೇ ಬುನಾದಿಯಾಯಿತು. ಆಸ್ತಿ ವಿಭಾಗದ ಪ್ರಕರಣದ ಆರಂಭದಲ್ಲೇ ಅವನು ಒಂದು ಮೂಲಭೂತ ಪ್ರಶ್ನೆ ಎತ್ತುತ್ತಾನೆ: ಒಡೆತನ ಎಂಬುದು ಶಾಸ್ತ್ರದಿಂದ ಮಾತ್ರ ತಿಳಿಯುವಂಥದ್ದೋ, ಲೋಕವ್ಯವಹಾರದಿಂದಲೇ ತಿಳಿಯುವಂಥದ್ದೋ? ಒಡೆತನ ಲೌಕಿಕ ಎಂಬುದು ಅವನ ಪಕ್ಷ. ಅವನು ಕೊಡುವ ಹೇತು, ಅದರಿಂದ ಲೋಕದ ಕೆಲಸಗಳು ಸಾಗುತ್ತವೆ ಎಂಬುದು. ನಿದರ್ಶನ ಭತ್ತದಂಥ ಧಾನ್ಯ. ಅಂದರೆ ಲೋಕದ ಕೆಲಸ ಸಾಗಿಸುವುದೆಲ್ಲ ಲೌಕಿಕ ಎಂಬ ಮಾತು ಈ ವಾದದ ಬೆನ್ನೆಲುಬು. ಎದುರಾಳಿ ನೇರವಾಗಿ ಅಲ್ಲಿಗೇ ಕೈ ಹಾಕುತ್ತಾನೆ. ಯಜ್ಞದ ಆಹವನೀಯ ಅಗ್ನಿ ಶಾಸ್ತ್ರದಿಂದ ಮಾತ್ರ ತಿಳಿಯುವಂಥದ್ದು, ಆದರೂ ಅದರ ಮೇಲೆ ಪಾತ್ರೆಯಿಟ್ಟರೆ ಅನ್ನ ಬೇಯುತ್ತದಲ್ಲ! ಲೋಕದ ಕೆಲಸ ಸಾಗಿತು, ಆದರೆ ವಸ್ತು ಲೌಕಿಕವಲ್ಲ. ಹಾಗಾದರೆ ನಿನ್ನ ನಿಯಮ ಮುರಿಯಿತು. ವಿಜ್ಞಾನೇಶ್ವರನ ಉತ್ತರ ಸೂಕ್ಷ್ಮವಾಗಿದೆ: ಅನ್ನ ಬೇಯುವುದು ಅದು ಬೆಂಕಿಯಾಗಿರುವುದರಿಂದ, ಆಹವನೀಯ ಆಗಿರುವುದರಿಂದ ಅಲ್ಲ. ಚಿನ್ನ ಕೊಟ್ಟು ವಸ್ತು ಕೊಳ್ಳುವಾಗ ಹಾಗಲ್ಲ. ಅಲ್ಲಿ ಕೆಲಸ ಮಾಡುವುದು ಚಿನ್ನದ ಹೊಳಪಲ್ಲ, ಅದು ಕೊಡುವವನದು ಎಂಬ ಒಡೆತನವೇ. ತನ್ನದಲ್ಲದ ಚಿನ್ನದಿಂದ ಕೊಳ್ಳಲಾಗದು. ಅಲ್ಲಿಗೂ ನಿಲ್ಲದೆ ಅವನು ಇನ್ನೊಂದು ಸಾಕ್ಷ್ಯ ಸೇರಿಸುತ್ತಾನೆ: ಶಾಸ್ತ್ರದ ಹೆಸರೇ ಕೇಳದ ದೂರದ ನಾಡಿನ ಜನರಲ್ಲೂ ಕೊಡು-ಕೊಳ್ಳು ನಡೆಯುತ್ತದೆ, ಅಂದಮೇಲೆ ಒಡೆತನದ ಅರಿವು ಅವರಿಗೂ ಇದೆ.

ಈ ಮೂರು ಹೆಜ್ಜೆಗಳನ್ನು ಇಂದಿನ ಪ್ರಶ್ನೆಪತ್ರಿಕೆಯ ಪಕ್ಕದಲ್ಲಿಟ್ಟು ನೋಡಿ. ಎದುರಾಳಿ ಮಾಡಿದ್ದು ವಾದವನ್ನು ದುರ್ಬಲಗೊಳಿಸುವ ಕೆಲಸ, ವಿರುದ್ಧ ನಿದರ್ಶನದ ಮೂಲಕ. ವಿಜ್ಞಾನೇಶ್ವರ ಮೊದಲು ಮಾಡಿದ್ದು ಆ ನಿದರ್ಶನ ತನ್ನ ನಿಯಮದ ಕಕ್ಷೆಗೆ ಬರುವುದಿಲ್ಲವೆಂದು ತೋರಿಸುವ ಕೆಲಸ, ಆಮೇಲೆ ಮಾಡಿದ್ದು ಬಲಪಡಿಸುವ ಕೆಲಸ. ಮೂರೂ ಹೆಜ್ಜೆ ತಾಗುವುದು ಹೇತುವಿಗೂ ತೀರ್ಮಾನಕ್ಕೂ ನಡುವಿನ ಕೊಂಡಿಗೆ. ನ್ಯಾಯಶಾಸ್ತ್ರ ಈ ಕೊಂಡಿಯನ್ನು ವ್ಯಾಪ್ತಿ ಎಂದು ಕರೆದು, ಅದು ಮುರಿಯುವ ಬಗೆಗಳನ್ನು ಹೇತ್ವಾಭಾಸಗಳೆಂದು ವಿಂಗಡಿಸಿತು. ಹೊಗೆ ಇದ್ದಲ್ಲಿ ಬೆಂಕಿ ಇದ್ದೇ ಇರುತ್ತದೆ, ಆದರೆ ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುವುದಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆಗೆ ಹಸಿ ಸೌದೆ ಬೇಕು. ಹೀಗೆ ಹೇಳದೆ ಉಳಿದ ಷರತ್ತಿಗೆ ತಾರ್ಕಿಕರು ಇಟ್ಟ ಹೆಸರು ಉಪಾಧಿ. ಹಸಿ ಸೌದೆಯನ್ನು ಕಾಣಬಲ್ಲ ವಿದ್ಯಾರ್ಥಿಗೆ ದೂರುಗಳ ವಾದದಲ್ಲಿ ಆನ್‌ಲೈನ್ ಅರ್ಜಿಯೂ ಕಾಣುತ್ತದೆ. ಪಶ್ಚಿಮದಲ್ಲಿ ಸ್ಟೀಫನ್ ಟೂಲ್ಮಿನ್ 1958ರಲ್ಲಿ ವಾದದ ರಚನೆ ಕುರಿತು ಬರೆದ ಪುಸ್ತಕ ಇದೇ ಜಾಗಕ್ಕೆ ಬಂತು. ತರ್ಕಕ್ಕೆ ಗಣಿತದ ಬದಲು ನ್ಯಾಯಾಲಯವನ್ನೇ ಮಾದರಿಯಾಗಿಟ್ಟುಕೊಂಡ ಅವನು, ಆಧಾರದಿಂದ ಹೇಳಿಕೆಗೆ ದಾಟಲು ಪರವಾನಗಿ ಕೊಡುವ, ಸಾಮಾನ್ಯವಾಗಿ ಮೌನವಾಗಿಯೇ ಇರುವ ಮಾತನ್ನು ವಾದದ ಪ್ರತ್ಯೇಕ ಅಂಗವಾಗಿ ಗುರುತಿಸಿದ.

ಇದು ಹಳೆಯ ಗ್ರಂಥಗಳ ಮಾತಾಯಿತು, ಇಂದಿನ ನ್ಯಾಯಾಲಯದಲ್ಲಿ ಇದರಿಂದ ಏನಾಗುತ್ತದೆ ಎಂದು ಕೇಳಬಹುದು. ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಒಂದು ಪ್ರಕರಣ ನೋಡೋಣ. ನಮ್ಮ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಉಳಿದ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ಎಂದು ಸರ್ಕಾರ ಅಧಿಸೂಚನೆ ಹೊರಡಿಸಿತ್ತು. ಅದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ 1992ರ ಜುಲೈನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಹೀಗೆ ವಾದ ಕಟ್ಟಿತು: ಜೀವಿಸುವ ಹಕ್ಕಿನಲ್ಲಿ ಘನತೆಯಿಂದ ಬದುಕುವ ಹಕ್ಕು ಸೇರಿದೆ, ಶಿಕ್ಷಣವಿಲ್ಲದೆ ಘನತೆಯ ಬದುಕು ಸಾಧ್ಯವಿಲ್ಲ, ಆದ್ದರಿಂದ ಎಲ್ಲ ಹಂತದ ಶಿಕ್ಷಣವೂ ಹಕ್ಕು. ಮನಸ್ಸನ್ನು ಮುಟ್ಟುವ ವಾದ. ಆದರೆ ನಡುವೆ ಒಂದು ಮೌನವಿದೆ. ಘನತೆಗೆ ಶಿಕ್ಷಣ ಬೇಕು ಎಂದಾಗ ಬೇಕಾದದ್ದು ಒಂದು ಮಟ್ಟದ ಶಿಕ್ಷಣ. ತೀರ್ಮಾನಕ್ಕೆ ಬರುವ ಹೊತ್ತಿಗೆ ಅದು ವೈದ್ಯಕೀಯ ಪದವಿಯವರೆಗೂ ಹಿಗ್ಗಿದೆ. ವೈದ್ಯರಾಗದ ಕೋಟ್ಯಂತರ ಜನ ಘನತೆಯಿಂದ ಬದುಕುತ್ತಿಲ್ಲವೇ? ಮರುವರ್ಷ, 1993ರ ಫೆಬ್ರುವರಿಯಲ್ಲಿ, ಉನ್ನಿಕೃಷ್ಣನ್ ಪ್ರಕರಣದ ಐವರು ನ್ಯಾಯಮೂರ್ತಿಗಳ ಪೀಠದ ಬಹುಮತದ ನಿಲುವು ಮೊದಲ ಎರಡು ಹೆಜ್ಜೆಗಳನ್ನು ಉಳಿಸಿಕೊಂಡು ಮೂರನೆಯದನ್ನು ತಿದ್ದಿತು. ಶಿಕ್ಷಣ ಜೀವಿಸುವ ಹಕ್ಕಿನಿಂದ ಹೊಮ್ಮುತ್ತದೆ, ಆದರೆ ಅದರ ಅಳತೆಯನ್ನು ಸಂವಿಧಾನದ ನಿರ್ದೇಶಕ ತತ್ವಗಳಿಂದ ತಿಳಿಯಬೇಕು: ಆಗಿನ 45ನೆಯ ವಿಧಿಯಂತೆ ಹದಿನಾಲ್ಕು ವರ್ಷದವರೆಗೆ ಉಚಿತ ಶಿಕ್ಷಣ, ಅದರಾಚೆಗೆ 41ನೆಯ ವಿಧಿ ಹೇಳುವಂತೆ ರಾಜ್ಯದ ಆರ್ಥಿಕ ಶಕ್ತಿಗೆ ಒಳಪಟ್ಟು. 2002ರ 86ನೆಯ ತಿದ್ದುಪಡಿಯಿಂದ ಬಂದ 21ಎ ವಿಧಿ, ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣದ ಹಕ್ಕು, ಈ ತಿದ್ದಿದ ವಾದದ ಮೇಲೆ ನಿಂತಿದೆ. ಹಿಗ್ಗಿದ ಪದವೊಂದನ್ನು ಗುರುತಿಸಿದ್ದರಿಂದ ಹಕ್ಕು ಕುಗ್ಗಿತು ಎಂದು ದುಃಖಿಸುವವರಿದ್ದಾರೆ. ಗಡಿ ಸಿಕ್ಕಿದ್ದರಿಂದಲೇ ಅದು ಜಾರಿಗೊಳಿಸಬಹುದಾದ ಹಕ್ಕಾಯಿತು ಎಂದು ನಾನು ಭಾವಿಸುತ್ತೇನೆ.

ಇಲ್ಲಿ ಒಂದು ಗಂಭೀರ ಆಕ್ಷೇಪ ಎದುರಾಗುತ್ತದೆ. ಅಮೆರಿಕದ ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ 1881ರಲ್ಲಿಯೇ ಕಾನೂನನ್ನು ಬೆಳೆಸಿದ್ದು ಅನುಭವ, ತರ್ಕವಲ್ಲ ಎಂಬ ನಿಲುವು ತಳೆದಿದ್ದ. ಕಕ್ಷಿದಾರರ ಸಂಕಟ, ಸಮಾಜದ ಅಸಮಾನತೆ, ಸಾಕ್ಷಿಯ ಭಯ ಇವು ಯಾವ ಬಹು ಆಯ್ಕೆಯ ಪ್ರಶ್ನೆಯಲ್ಲೂ ಬರುವುದಿಲ್ಲ; ತರ್ಕ ಬಲ್ಲವನು ಕ್ರೂರನೂ ಆಗಿರಬಲ್ಲ. ಈ ಮಾತಿನ ಎರಡನೆಯ ಭಾಗವನ್ನು ನಾನು ಪೂರ್ತಿ ಒಪ್ಪುತ್ತೇನೆ. ಕರುಣೆಯನ್ನು ಅಳೆಯುವ ಪರೀಕ್ಷೆ ಇಲ್ಲ. ಮೊದಲ ಭಾಗ ಮಾತ್ರ ತರ್ಕವನ್ನು ತೀರ ಇಕ್ಕಟ್ಟಾಗಿ ಹಿಡಿದಿದೆ. ದೂರುಗಳ ಉದಾಹರಣೆಗೆ ಮರಳಿ: ದೂರು ಕೊಡುವುದು ಸುಲಭವಾದರೆ ಹೆಚ್ಚು ಜನ ಕೊಡುತ್ತಾರೆ ಎಂಬುದು ಯಾವ ಸೂತ್ರದಿಂದಲೂ ಸಿಗುವುದಿಲ್ಲ. ತಾಲೂಕು ಕಚೇರಿಯ ಮುಂದೆ ಸಾಲಿನಲ್ಲಿ ನಿಂತು ದಿನಗೂಲಿ ಕಳೆದುಕೊಂಡವರಿಗೆ ಅದು ಬೇಗ ಹೊಳೆಯುತ್ತದೆ. ಗೃಹೀತ ಇರುವ ಜಾಗವನ್ನು ತರ್ಕ ತೋರಿಸುತ್ತದೆ. ಆ ಗೃಹೀತ ನಿಜವೇ ಎಂಬುದಕ್ಕೆ ಬದುಕಿನ ಅರಿವೇ ಸಾಕ್ಷಿ ಹೇಳಬೇಕು. ಶಾಸ್ತ್ರ ಅರಿಯದ ಜನರ ಕೊಡು-ಕೊಳ್ಳನ್ನು ಸಾಕ್ಷ್ಯವಾಗಿ ಕರೆದಾಗ ವಿಜ್ಞಾನೇಶ್ವರ ಮಾಡಿದ್ದೂ ಅದೇ. ಪರೀಕ್ಷೆಯಲ್ಲಿ ಗದ್ಯಭಾಗದ ಆಧಾರಗಳನ್ನು ನಿಜವೆಂದು ಒಪ್ಪಿಕೊಂಡು ಮುಂದುವರಿಯಬೇಕು, ಹೊರಗಿನ ತಿಳಿವನ್ನು ತರಬಾರದು ಎಂದು ಮಕ್ಕಳಿಗೆ ಹೇಳುತ್ತಾರೆ. ಅದು ಸರಿ, ಅರ್ಧಕ್ಕೆ ಸರಿ. ಆಧಾರಗಳನ್ನು ಪ್ರಶ್ನಿಸಬಾರದು, ಆದರೆ ಆಧಾರಕ್ಕೂ ತೀರ್ಮಾನಕ್ಕೂ ನಡುವೆ ಬೇರೆ ದಾರಿಗಳಿರಬಹುದೆಂದು ಊಹಿಸಲು ಲೋಕ ಗೊತ್ತಿರಲೇಬೇಕು.

ಕೋಚಿಂಗ್ ಕುರಿತ ಆಕ್ಷೇಪ ಇನ್ನೊಂದು ಬಗೆಯದು. ಅಭ್ಯಾಸದಿಂದ ಅಂಕ ಏರುತ್ತದೆ, ಹಣವಿದ್ದವರು ಅಭ್ಯಾಸವನ್ನು ಕೊಳ್ಳುತ್ತಾರೆ, ಹಾಗಾದರೆ ಈ ಪ್ರಶ್ನೆಗಳು ಅಳೆಯುವುದು ಬುದ್ಧಿಯನ್ನೋ ಹಣವನ್ನೋ? ಅಭ್ಯಾಸದಿಂದ ಅಂಕ ಏರುವುದು ನಿಜ, ಮತ್ತು ಅದು ನನ್ನ ವಾದಕ್ಕೇ ಬೆಂಬಲ. ಕಲಿಸಿದರೆ ಬರುವ ವಿದ್ಯೆ ಇದು. ಹುಟ್ಟಿನಿಂದ ಬಂದ ಜಾಣತನವೆಂದು ಹೇಳಿ ಕೈತೊಳೆದುಕೊಳ್ಳಲಾಗದು. ಕಲಿಸಿದರೆ ಬರುವುದನ್ನು ಸರ್ಕಾರಿ ಕಾಲೇಜಿನಲ್ಲಿ ಕಲಿಸದೆ, ಪರೀಕ್ಷೆಯಲ್ಲಿ ಕೇಳುವುದೇ ಅನ್ಯಾಯ. ‘ಎಲ್ಲ’, ‘ಎಂದಿಗೂ’ ಎಂಬ ಪದವಿರುವ ಆಯ್ಕೆಯನ್ನು ಹೊಡೆದುಹಾಕಿ ಎಂಬಂಥ ಸೂತ್ರಗಳು ಕೆಲವು ಪ್ರಶ್ನೆಗಳಲ್ಲಿ ನೆರವಾಗುತ್ತವೆ. ವಾದವೇ ‘ಎಲ್ಲ’ ಎಂಬ ಗೃಹೀತದ ಮೇಲೆ ನಿಂತಿದ್ದರೆ ಅದೇ ಸೂತ್ರ ಸರಿಯುತ್ತರವನ್ನೇ ಹೊಡೆದುಹಾಕುತ್ತದೆ. ಒಂದು ಮಿತಿಯನ್ನಂತೂ ಒಪ್ಪಬೇಕು. ನಾಲ್ಕು ಆಯ್ಕೆಗಳಲ್ಲಿ ಗೃಹೀತವನ್ನು ಗುರುತಿಸುವುದಕ್ಕೂ ಖಾಲಿ ಹಾಳೆಯ ಮೇಲೆ ಅದನ್ನು ತಾನೇ ಬರೆಯುವುದಕ್ಕೂ ದೂರವಿದೆ. ವಕೀಲರಿಗೆ ಬೇಕಾದದ್ದು ಎರಡನೆಯದು. ಕ್ಲಾಟ್ ಮೊದಲನೆಯದನ್ನಷ್ಟೇ ಅಳೆಯುತ್ತದೆ.

ಎಲ್ಲಕ್ಕಿಂತ ತೂಕದ ಆಕ್ಷೇಪ ಭಾಷೆಯದು. ಕ್ಲಾಟ್ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ. ವೈದ್ಯಕೀಯ ಪ್ರವೇಶದ ನೀಟ್, ಎಂಜಿನಿಯರಿಂಗ್ ಪ್ರವೇಶದ ಜೆಇಇ ಮೇನ್ ಎರಡನ್ನೂ ಕನ್ನಡದಲ್ಲಿ ಬರೆಯಬಹುದು. ಕಾನೂನಿಗೆ ಆ ಅವಕಾಶವಿಲ್ಲ. ಪ್ರಾದೇಶಿಕ ಭಾಷೆಗಳಲ್ಲೂ ನಡೆಸಬೇಕೆಂದು ಕೋರಿ 2023ರಲ್ಲಿ ದೆಹಲಿ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದು ಹೋಯಿತು. ಹೈಕೋರ್ಟು, ಸುಪ್ರೀಂ ಕೋರ್ಟುಗಳ ಭಾಷೆ ಸಂವಿಧಾನದ 348ನೆಯ ವಿಧಿಯಂತೆ ಇಂಗ್ಲಿಷ್, ಈ ವಿಶ್ವವಿದ್ಯಾಲಯಗಳ ಪಾಠವೂ ಇಂಗ್ಲಿಷ್, ಆದ್ದರಿಂದ ಪರೀಕ್ಷೆಯೂ ಇಂಗ್ಲಿಷಿನಲ್ಲೇ ಇರಲಿ ಎನ್ನುವವರ ವಾದವನ್ನು ಇಲ್ಲಿಯವರೆಗೆ ಹೇಳಿದ ಕ್ರಮದಲ್ಲೇ ಬಿಡಿಸೋಣ. ಐದು ವರ್ಷದ ಓದಿನ ಕೊನೆಗೆ ಇಂಗ್ಲಿಷ್ ಬೇಕು ಎಂಬುದು ಆಧಾರ. ಓದಿನ ಮೊದಲ ದಿನವೇ ಅದು ಪೂರ್ತಿ ಇರಬೇಕು ಎಂಬುದು ತೀರ್ಮಾನ. ನಡುವೆ ಹೇಳದೆ ಬಿಟ್ಟದ್ದು, ಇಂಗ್ಲಿಷನ್ನು ಆ ಐದು ವರ್ಷದಲ್ಲಿ ಕಲಿಸಲಾಗದು ಎಂಬ ನಂಬಿಕೆ. ಅದನ್ನು ಯಾರೂ ಸಾಧಿಸಿ ತೋರಿಸಿಲ್ಲ. ಇಂಗ್ಲಿಷ್ ಅಳೆಯಲು ಪ್ರಶ್ನೆಪತ್ರಿಕೆಯಲ್ಲಿ ಬೇರೆ ಭಾಗವೇ ಇದೆ. ತರ್ಕದ ಭಾಗವೂ ಅಪರಿಚಿತ ಇಂಗ್ಲಿಷಿನ ದಟ್ಟ ಗದ್ಯದಲ್ಲೇ ಬಂದಾಗ, ಗೃಹೀತವನ್ನು ಕಾಣಲಾರದವರೂ ಗದ್ಯವೇ ಅರ್ಥವಾಗದವರೂ ಒಂದೇ ತಪ್ಪು ಉತ್ತರ ಗುರುತಿಸುತ್ತಾರೆ. ಇಬ್ಬರನ್ನೂ ಬೇರೆ ಮಾಡಿ ನೋಡುವ ಶಕ್ತಿ ಪರೀಕ್ಷೆಗಿಲ್ಲ. ಜೇವರ್ಗಿಯಲ್ಲೋ ಸೊರಬದಲ್ಲೋ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಯೊಬ್ಬಳು ಮನೆಯ ಜಮೀನಿನ ತಕರಾರಿನಲ್ಲಿ ದಾಯಾದಿಗಳ ಮಾತಿನ ಪೊಳ್ಳನ್ನು ಕ್ಷಣದಲ್ಲಿ ಹಿಡಿಯಬಲ್ಲಳು. ಮುಂದೆ ಅವಳು ವಕಾಲತ್ತು ನಡೆಸುವ ಕೋರ್ಟಿನಲ್ಲಿ ಸಾಕ್ಷಿಗಳು ಕನ್ನಡದಲ್ಲೇ ನುಡಿಯುತ್ತಾರೆ. ಅವಳ ಆ ಶಕ್ತಿ ಈ ಪರೀಕ್ಷೆಯ ಕಣ್ಣಿಗೆ ಬೀಳುವುದೇ ಇಲ್ಲ ಎಂಬುದು ನನ್ನನ್ನು ನೋಯಿಸುತ್ತದೆ.

ಪರೀಕ್ಷೆಯ ಭಾಷೆ ಬದಲಾಗುವವರೆಗೆ ಕಾಯಬೇಕಿಲ್ಲ. ವಾದದ ರಚನೆಯನ್ನು ಒಂದು ಭಾಷೆಯಲ್ಲಿ ಕಾಣಲು ಕಲಿತವರಿಗೆ ಇನ್ನೊಂದು ಭಾಷೆಯಲ್ಲಿ ಉಳಿಯುವುದು ಪದಗಳ ಕಷ್ಟವಷ್ಟೇ. ಎರಡು ಕಷ್ಟಗಳನ್ನು ಒಟ್ಟಿಗೆ ಹೊರಿಸುವುದಕ್ಕಿಂತ ಇದು ಹಗುರ. ನಮ್ಮ ಪಿಯುಸಿ ಐಚ್ಛಿಕ ವಿಷಯಗಳಲ್ಲಿ ತರ್ಕಶಾಸ್ತ್ರ ಈಗಲೂ ಇದೆ. ಅದನ್ನು ಆರಿಸಿಕೊಳ್ಳದವರಿಗೂ ಕನ್ನಡ ಭಾಷಾ ತರಗತಿ ಇದ್ದೇ ಇದೆ, ಅಲ್ಲಿ ಗದ್ಯಪಾಠಗಳೂ ಇವೆ. ಸಾರಾಂಶ ಬರೆಯಿರಿ, ಸಂದರ್ಭ ಸಹಿತ ವಿವರಿಸಿ ಎಂಬ ಪ್ರಶ್ನೆಗಳ ಜೊತೆಗೆ, ಈ ಲೇಖಕರು ಹೇಳದೆ ಒಪ್ಪಿಕೊಂಡದ್ದು ಏನು, ಅದನ್ನು ಅಲ್ಲಗಳೆದರೆ ಅವರ ಮಾತು ನಿಲ್ಲುತ್ತದೆಯೇ ಎಂಬ ಪ್ರಶ್ನೆಯನ್ನೂ ಕೇಳಬಹುದು. ಪಠ್ಯದ ಹೊರೆ ಈಗಾಗಲೇ ಹೆಚ್ಚಾಗಿದೆ ಎಂದು ಅಧ್ಯಾಪಕರು ಹೇಳುವುದರಲ್ಲಿ ಹುರುಳಿದೆ. ಆದರೆ ಇದಕ್ಕೆ ಹೊಸ ಪಾಠ ಬೇಡ, ಇರುವ ಪಾಠಕ್ಕೇ ಬೇರೆ ಪ್ರಶ್ನೆ ಸಾಕು. ದಿನಪತ್ರಿಕೆಯ ಸಂಪಾದಕೀಯ, ಓದುಗರ ಪತ್ರ, ಗ್ರಾಮಸಭೆಯ ಠರಾವು ಯಾವುದಾದರೂ ನಡೆಯುತ್ತದೆ. ಉತ್ತರವನ್ನು ನಾಲ್ಕು ಆಯ್ಕೆಗಳಲ್ಲಿ ಹುಡುಕಿಸದೆ ಮಕ್ಕಳ ಕೈಯಿಂದಲೇ ಎರಡು ವಾಕ್ಯಗಳಲ್ಲಿ ಬರೆಸಬೇಕು: ಒಂದು ವಾಕ್ಯದಲ್ಲಿ ಗೃಹೀತ, ಇನ್ನೊಂದರಲ್ಲಿ ಅದನ್ನು ಮುರಿಯಬಲ್ಲ ಸಂಗತಿ. ವಾರ್ಷಿಕ ಪರೀಕ್ಷೆಯಲ್ಲಿ ಇದಕ್ಕೆ ಅಂಕವಿಟ್ಟರೆ ತರಗತಿಯಲ್ಲಿ ಅಭ್ಯಾಸವೂ ತಾನಾಗಿ ನಡೆಯುತ್ತದೆ. ಹಾಗಾಗಿ ಮೊದಲ ಹೆಜ್ಜೆ ಇಡಬೇಕಾದವರು ಪಿಯು ಪ್ರಶ್ನೆಪತ್ರಿಕೆ ರಚಿಸುವವರು.